ನನ್ನ ಮನೆಯ ತೆನೆ

ಸೆಪ್ಟೆಂಬರಿನಲ್ಲಿ ಕೊಡಗಿನ ಗದ್ದೆಗಳಲ್ಲಿ ತೆನೆ ಸಿಗುವುದಿಲ್ಲ. ನಾಟಿ ಮುಗಿದು ಸ್ವಲ್ಪ ದಿನವಾಗಿರುತ್ತದೆ, ಪೈರು ಮೊಣಕಾಲುದ್ದ ನಿಂತಿರುತ್ತದೆ, ಅಷ್ಟೇ. ಕೊಡವರ ಸುಗ್ಗಿಹಬ್ಬ ಹುತ್ತರಿಗೆ ಕದಿರು ತೆಗೆಯುವವರು ಡಿಸೆಂಬರಿನ ತನಕ ಕಾಯುತ್ತಾರೆ. ಭೂಮಿಗೆ ಹೊಂದಿಕೊಂಡ ಹಬ್ಬ ಅದು. ನಮ್ಮದು ಹಾಗಲ್ಲ. ಮಾತೆ ಮರಿಯಮ್ಮನ ಹುಟ್ಟುಹಬ್ಬ ಬರುವುದು ಸೆಪ್ಟೆಂಬರ್ ಎಂಟಕ್ಕೆ, ಅವತ್ತು ಚರ್ಚಿನಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಬೇಕು. ಮಂಗಳೂರು ಕಡೆಯಿಂದ ಬಂದ ಕೊಂಕಣಿ ಜನ ತಂದ ಪದ್ಧತಿ ಇದು. ಅವರ ಊರಿನಲ್ಲಿ ಆ ಹೊತ್ತಿಗೆ ಭತ್ತ ಹಣ್ಣಾಗುತ್ತದೆ. ಕುಶಾಲನಗರದ ಸುತ್ತಮುತ್ತ ಆಗುವುದಿಲ್ಲ ಎಂದರೆ ಹಬ್ಬ ಕೇಳುತ್ತದೆಯೇ?

ಹಾಗಾಗಿ ಯಾರಾದರೂ ಒಬ್ಬರು ಕಾಲ ತಪ್ಪಿಸಿ ಭತ್ತ ಬೆಳೆಯಬೇಕು. ನಮ್ಮ ಚರ್ಚಿನಲ್ಲಿ ಆ ಒಬ್ಬರು ನನ್ನ ಅಮ್ಮ.

ನಾವು ಕೊಂಕಣಿಯವರೂ ಅಲ್ಲ. ನಮ್ಮದು ಮನೆಮಾತು ಕನ್ನಡ, ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದವರು. ಆದರೆ ಈ ಹಬ್ಬವನ್ನು ಅಮ್ಮ ಹಿಡಿದುಕೊಂಡಷ್ಟು ಗಟ್ಟಿಯಾಗಿ ತಂದವರೂ ಹಿಡಿದುಕೊಂಡಿರಲಿಲ್ಲ. ನಮ್ಮ ಬಾಡಿಗೆ ಮನೆಯ ಹಿಂದೆ ಗೌಡರ ಗದ್ದೆ. ಹಿಂದೂಗಳು, ನಮ್ಮ ಹಾಗೆಯೇ ಹಾಸನದಿಂದ ಬಂದು ನೆಲೆನಿಂತ ಒಕ್ಕಲು ಮನೆತನ. ಹಿರಿಯ ಗೌಡರು ಗದ್ದೆಯ ಒಂದು ಮೂಲೆಯನ್ನು ಅಮ್ಮನಿಗೆ ಬಿಟ್ಟುಕೊಟ್ಟಿದ್ದರು. ಮೊದಲ ಬೆಳೆ ದೇವರಿಗೆ ಹೋಗೋದಾದ್ರೆ ಯಾವ ದೇವ್ರಾದ್ರೇನು ಎಂದಿದ್ದರಂತೆ. ಆಮೇಲೆ ಗದ್ದೆಯೆಲ್ಲ ಶುಂಠಿಗೆ ಹೋಯಿತು, ಹಿರಿಯ ಗೌಡರೂ ಹೋದರು. ಆ ಮೂಲೆ ಮಾತ್ರ ಉಳಿಯಿತು. ಮೇ ಮುಗಿಯುವ ಮುಂಚೆಯೇ ಅಲ್ಲಿ ಬೇಗ ಬರುವ ತಳಿಯ ಬೀಜ ಚೆಲ್ಲಿ, ಮಳೆ ಬರುವ ತನಕ ಗೌಡರ ಪಂಪಿನ ನೀರು ಹಾಯಿಸಿ, ಸಸಿ ಮಾಡಿ ನೆಟ್ಟರೆ ಹಬ್ಬದ ಹೊತ್ತಿಗೆ ತೆನೆ ಅರ್ಧ ಹಳದಿಗೆ ತಿರುಗಿರುತ್ತದೆ. ಅಷ್ಟಾದರೆ ಸಾಕು.

ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ತೆಂಗಿನಕಾಯಿ ಜೊತೆ ಅರೆದು ಪಾಯಸಕ್ಕೆ ಹಾಕುತ್ತೇವೆ. ಊಟಕ್ಕೆ ಮೊದಲು ಆ ಮನೆಯ ಯಜಮಾನ ಪ್ರಾರ್ಥನೆ ಹೇಳಿ ಒಬ್ಬೊಬ್ಬರ ಬಲಗೈಗೂ ಒಂದೊಂದು ಚಮಚ ಪಾಯಸ ಹಾಕುತ್ತಾನೆ. ಮಿಕ್ಕವರು ಅಂಗೈ ಚಾಚಿ ತೆಗೆದುಕೊಳ್ಳಬೇಕು. ಯಜಮಾನ ತಾನು ತೆಗೆದುಕೊಳ್ಳುವುದು ಕೊನೆಗೆ. ಅಪ್ಪ ಸತ್ತ ಮೇಲೆ ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನದಾಯಿತು. ಅಮ್ಮನ ಕೈ ಬಿದ್ದುಹೋದ ಮೇಲೆ ನಾನು ಅವಳ ಕೈ ಹಿಡಿದು ಹಾಕಿಸುತ್ತಿದ್ದೆ. ಹಾಕುವವಳು ಅವಳೇ, ಚಮಚ ಹಿಡಿದವಳು ನಾನು.

ಅಮ್ಮನಿಗೆ ಲಕ್ವ ಹೊಡೆದಾಗ ನಾನು ಕಾಫಿ ವರ್ಕ್ಸಿನಲ್ಲಿ ಬೀಜ ಆರಿಸುವ ಕೆಲಸದಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ಕುಳಿತು ಕಪ್ಪು ಬೀಜ, ಒಡಕು ಬೀಜ, ಹುಳ ತಿಂದದ್ದು ಎಲ್ಲವನ್ನೂ ಬೇರೆ ಮಾಡುವುದು. ಅಣ್ಣ ಪೇಟೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಮನೆ ಮಾಡಿಕೊಂಡಿದ್ದ. ಮದುವೆಯಾಗದೆ ಉಳಿದವಳು ನಾನು. ಯಾಕೆ ಉಳಿದೆ ಎಂಬುದನ್ನು ಇಲ್ಲಿ ಹೇಳಲು ನನಗೆ ಬೇಜಾರು, ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಉಳಿದೆ, ಅಷ್ಟೇ. ಉಳಿದವಳು ಅಮ್ಮನನ್ನು ನೋಡಿಕೊಳ್ಳಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ನಾನು ಕೆಲಸ ಬಿಟ್ಟೆ.

ಆಮೇಲೆ ವರ್ಷಗಟ್ಟಲೆ ಚರ್ಚಿನ ಮುಂದೆ ಜನ ನನ್ನನ್ನು ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಅಮ್ಮ ಹೇಗಿದಾರೆ?" ಹಾಗೇ ಇದಾರೆ ಎನ್ನುತ್ತಿದ್ದೆ. ನಾನು ಹೇಗಿದ್ದೇನೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ, ಪುರುಸೊತ್ತು ಎಲ್ಲಿತ್ತು? ಹೊರಳಿಸುವುದು, ಒರೆಸುವುದು, ಗಂಜಿ ಕುಡಿಸುವುದು, ಬೆನ್ನು ಹುಣ್ಣಾಗದ ಹಾಗೆ ಪೌಡರ್ ಹಾಕುವುದು. ನಡುವೆ ಆ ಮೂಲೆಯ ಭತ್ತ. ಕಿಟಕಿಯಿಂದ ಅಮ್ಮನಿಗೆ ಅದು ಕಾಣುತ್ತಿತ್ತು. ಮಾತು ಬಾರದಿದ್ದರೂ ಕಣ್ಣಿನಲ್ಲೇ ನನ್ನನ್ನು ಬೈಯುತ್ತಿದ್ದಳು, ಕಳೆ ಕೀಳಲಿಲ್ಲ ಎಂದು. ನನಗೂ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲೇ ಕಿತ್ತು ಬರುತ್ತಿದ್ದೆ.

ಒಂದು ಮಾತು ಹೇಳಿಬಿಡುತ್ತೇನೆ. ಆ ದುಡಿಮೆ ನನಗೆ ಭಾರವಾಗಿತ್ತು, ಆದರೆ ಅದೇ ನನ್ನ ಗುರುತೂ ಆಗಿತ್ತು. ಪೂಜೆಯಲ್ಲಿ ಫಾದರ್ ಒಮ್ಮೆ ನನ್ನ ಕಡೆ ಕೈ ತೋರಿಸಿ, ತಾಯಿಯ ಸೇವೆ ಮಾಡುವ ಮಗಳನ್ನು ನೋಡಿ ಕಲಿಯಿರಿ ಎಂದಿದ್ದರು. ಅವತ್ತು ನೆಲ ನೋಡುತ್ತ ಕುಳಿತಿದ್ದರೂ ಒಳಗೆ ಹಿಗ್ಗಿದ್ದೆ. ದೇವರ ಮುಂದೆ ನಿಲ್ಲಲು ನನಗೆ ಅದೊಂದು ಚೀಟಿ ಇದ್ದ ಹಾಗೆ. ನೋಡು ಸ್ವಾಮಿ, ಇಷ್ಟು ಮಾಡಿದ್ದೇನೆ. ಪ್ರಾರ್ಥನೆಯಲ್ಲಿ ಕೂಡ ನನಗೆಂದು ನಾನು ಏನನ್ನೂ ಕೇಳಿದವಳಲ್ಲ. ಅಮ್ಮನಿಗೆ ನೋವು ಕಡಿಮೆ ಮಾಡು, ಅಮ್ಮನಿಗೆ ನಿದ್ದೆ ಕೊಡು. ನನಗೂ ದೇವರಿಗೂ ನಡುವೆ ಅಮ್ಮನ ಮಂಚ ಇತ್ತು.

ಈ ವರ್ಷ ಮಳೆ ಹಿಡಿದ ಹೊಸತರಲ್ಲಿ ಅಮ್ಮ ಹೋದಳು. ಸಸಿ ಆಗ ಗೇಣುದ್ದ ಬಂದಿತ್ತು. ಮಣ್ಣು ಮಾಡುವಾಗ ಮಳೆ ಜೋರಾಗಿ ಸುರಿಯುತ್ತಿತ್ತು, ಎಲ್ಲರಿಗೂ ಮನೆ ಸೇರುವ ಅವಸರ. ಬಂದವರು ನನ್ನ ಭುಜ ತಟ್ಟಿ, "ನೀನು ಮಾಡಿದ್ದು ಯಾರೂ ಮಾಡಲ್ಲ" ಎಂದರು. ಮಾಡಿ ಮುಗಿಯಿತು ಎಂಬ ಅರ್ಥದಲ್ಲಿ ಅದು ನನಗೆ ಕೇಳಿಸಿತು.

ಸಸಿಯನ್ನು ಬಿಟ್ಟುಬಿಡೋಣ ಎಂದುಕೊಂಡೆ. ಯಾರಿಗೆ ಬೇಕು? ಬಿಡಲಾಗಲಿಲ್ಲ. ನಾಲ್ಕು ದಿನ ಮಲಗಿದ್ದು ಎದ್ದು ಹೋಗಿ ನೆಟ್ಟೆ. ಭಕ್ತಿಯಿಂದೇನೂ ಅಲ್ಲ. ಮಂಚ ಖಾಲಿಯಾಗಿದ್ದ ಮನೆಯಲ್ಲಿ ಕೂರುವುದಕ್ಕಿಂತ ಕೆಸರಿನಲ್ಲಿ ಬಗ್ಗುವುದು ಹಗುರ ಅನ್ನಿಸಿತ್ತು.

ಕಾಫಿ ವರ್ಕ್ಸಿಗೂ ಹೋಗಿ ಬಂದೆ. ಬೀಜ ಆರಿಸಲು ಮೆಷಿನ್ ಬಂದಿತ್ತು. ಕಪ್ಪು ಬೀಜ ಕಂಡರೆ ಅದೇ ಊದಿ ಆಚೆ ಹಾಕುತ್ತದಂತೆ. ಹಳೆಯ ಸೂಪರ್‌ವೈಸರ್ ನನ್ನನ್ನು ಗುರುತು ಹಿಡಿದು ಟೀ ಕೊಡಿಸಿದರು. "ಸೀಸನ್‌ನಲ್ಲಿ ನೋಡಣ ಕಣಮ್ಮ" ಎಂದರು. ಬರುವಾಗ ಬಸ್ಸಿನಲ್ಲಿ ನನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದೆ. ಐವತ್ತು ದಾಟಿದ ಹೆಂಗಸು, ಅಮ್ಮನೂ ಇಲ್ಲ, ಕೆಲಸವೂ ಇಲ್ಲ. ಈಗ ಯಾರಾದರೂ ನೀನು ಯಾರಮ್ಮ ಎಂದು ಕೇಳಿದರೆ ಏನು ಹೇಳುವುದು?

ಅದಕ್ಕೆ ಅಣ್ಣನ ಬಳಿ ಉತ್ತರ ಸಿದ್ಧವಿತ್ತು. ಅಮ್ಮನ ತಿಂಗಳ ಪೂಜೆ ಆದ ಮೇಲಿನ ಭಾನುವಾರ ಅವನೂ ಅತ್ತಿಗೆಯೂ ಮನೆಗೆ ಬಂದರು. ಅಣ್ಣ ಕೆಟ್ಟವನಲ್ಲ. ಮಾತು ಕಡಿಮೆ, ಹೇಳಬೇಕಾದ್ದನ್ನು ಬಾಗಿಲು ದಾಟುವಾಗ ಹೇಳುವವನು.

"ಹಬ್ಬ ಕಳೆದ್ಮೇಲೆ ಈ ಮನೆ ಖಾಲಿ ಮಾಡ್ಬಿಡು. ನಮ್ಮನೇಲಿ ಅಡಿಗೆಮನೆ ಪಕ್ಕದ ರೂಮ್ ಇದೆಯಲ್ಲ" ಎಂದ.

ಅತ್ತಿಗೆ ಸೇರಿಸಿದರು: "ನಮ್ಮಮ್ಮನ್ನೂ ಅಲ್ಲಿಗೇ ಕರ್ಕೊಂಡು ಬರ್ತಾ ಇದೀವಿ. ಎದ್ದು ಓಡಾಡೋಕೆ ಆಗ್ತಿಲ್ಲ ಅವ್ರಿಗೆ. ನಿನಗಾದ್ರೆ ಅಭ್ಯಾಸ ಇದೆ. ನೀನಿದ್ರೆ ನಂಗೆ ಧೈರ್ಯ."

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಮತ್ತೆ ಒಬ್ಬರಿಗೆ ಬೇಕಾದೆನಲ್ಲ ಎಂದು. ಮತ್ತೆ ಹೊರಳಿಸುವುದು, ಒರೆಸುವುದು. ಚರ್ಚಿನ ಮುಂದೆ ಮತ್ತೆ ಯಾರಾದರೂ ನಿಲ್ಲಿಸಿ ಕೇಳುತ್ತಾರೆ, ಅತ್ತಿಗೆಯ ಅಮ್ಮ ಹೇಗಿದಾರೆ. ಅವರಿಬ್ಬರೂ ಹೊರಟ ಮೇಲೆ ಸೊಂಟ ಮುರಿದವಳ ಹಾಗೆ ಕುಳಿತುಬಿಟ್ಟೆ. ಸಮಾಧಾನ ಅನ್ನಿಸಿದ್ದಕ್ಕೇ ಅಷ್ಟು ದಣಿವಾಯಿತು. ನೋಡೋಣ ಎಂದಷ್ಟೇ ಹೇಳಿ ಕಳಿಸಿದ್ದೆ.

ಆಗಸ್ಟ್ ಮುಗಿಯುವಷ್ಟರಲ್ಲಿ ತೆನೆ ಹಾಲುಗಟ್ಟಿತು. ಸುತ್ತಲ ಊರಿಗೆಲ್ಲ ತೆನೆ ಬಂದಿರುವ ಗದ್ದೆ ಅದೊಂದೇ. ಗಿಣಿ, ಗುಬ್ಬಿ ಜಾತಿಯ ಪುಟ್ಟ ಹಕ್ಕಿಗಳು, ಎಲ್ಲಕ್ಕೂ ಅದೊಂದೇ ಹೋಟೆಲ್. ನಾನು ಬೆಳಿಗ್ಗೆಯಿಂದ ಬದುವಿನ ಮೇಲೆ ಕೊಡೆ ಹಿಡಿದು ಕುಳಿತು ಎಣ್ಣೆ ಡಬ್ಬ ಬಡಿಯುತ್ತಿದ್ದೆ. ಕುಳಿತಲ್ಲೇ ತೂಕಡಿಕೆ ಬರುತ್ತಿತ್ತು. ಡಬ್ಬದ ಸದ್ದು ನಿಂತ ತಕ್ಷಣ ಅವು ಇಳಿಯುತ್ತಿದ್ದವು, ನನ್ನ ತೂಕಡಿಕೆಯನ್ನೇ ಕಾಯುತ್ತಿದ್ದ ಹಾಗೆ.

ಅಲ್ಲಿಗೇ ಬಂದರು ನಮ್ಮ ವಾರ್ಡಿನ ಗುರಿಕಾರರು. ಗುರಿಕಾರ ಎಂದರೆ ಚರ್ಚಿನ ಪರವಾಗಿ ನಮ್ಮ ಬೀದಿಯ, ಪೇಟೆಯ ಮನೆಗಳ ಕಷ್ಟಸುಖ ನೋಡುವವರು. ಹಬ್ಬದ ದಿನ ಒಂದೊಂದೇ ಮನೆಯನ್ನು ಕೂಗಿ ಕರೆಯುವವರೂ ಅವರೇ. ಮಂಗಳೂರಿನವರು, ವಯಸ್ಸಾದವರು, ನನ್ನನ್ನು ತಂಗಿ ಎನ್ನುತ್ತಾರೆ.

ಬದುವಿನ ಮೇಲೆ ನಿಂತು ತೆನೆ ಮುಟ್ಟಿ ನೋಡಿದರು. "ಒಳ್ಳೇದು ಬಂದಿದೆ ತಂಗಿ. ಎಲ್ಲರಿಗೂ ಸಾಕಾಗ್ತದಲ್ಲ?"

"ಸಾಕಾಗುತ್ತೆ ಅಂಕಲ್. ಹಕ್ಕಿ ಬಿಟ್ರೆ."

"ಮತ್ತೆ ಒಂದು ವಿಷಯ. ನಿನ್ನನ್ನು ಈ ಸಲ ಅಣ್ಣನ ಮನೆ ಒಟ್ಟಿಗೆ ಸೇರಿಸಿದ್ದೇನೆ. ನಿನಗೂ ಅವರಿಗೂ ಸೇರಿ ಒಂದು ತೆನೆ. ಒಂದೇ ರಕ್ತ ಅಲ್ವಾ? ಹೇಗೂ ಅಲ್ಲಿಗೇ ಹೋಗ್ತಿ ಅಂತ ನಿನ್ನ ಅಣ್ಣ ಹೇಳಿದ."

ಡಬ್ಬ ಬಡಿಯುವುದನ್ನು ನಿಲ್ಲಿಸಿದೆ. "ನಾನಿನ್ನೂ ಇಲ್ಲೇ ಇದೀನಲ್ಲ ಅಂಕಲ್?"

"ಇದ್ದೀ, ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ಒಬ್ಬಳೇ ಇರೋದನ್ನ ಮನೆ ಅಂತ ಹೇಗೆ ಕರೆಯೋದು? ಅಮ್ಮ ಇದ್ದಾಗ ಅಮ್ಮನ ಮನೆ. ಈಗ..." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನೋಡುವಾ. ಫಾದರ್ ಹತ್ತಿರ ಒಂದು ಮಾತು ಕೇಳಿ ನೋಡುವಾ."

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ಹೋದರು. ನಾನು ಡಬ್ಬವನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಗೌಡರ ಮನೆಯಿಂದ ಅಕ್ಕ ಓಡಿ ಬಂದರು. ಅಕ್ಕ ಎಂದರೆ ಹಿರಿಯ ಗೌಡರ ಸೊಸೆ, ನನಗಿಂತ ನಾಲ್ಕು ವರ್ಷ ದೊಡ್ಡವರು. ಆನೆ ಬಂತೇನೋ ಎಂದುಕೊಂಡಿದ್ದರಂತೆ. ವಿಷಯ ಹೇಳಿದೆ.

ಅಕ್ಕ ನಕ್ಕುಬಿಟ್ಟರು. "ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕತೀಯೆ? ಊರಿಗೆಲ್ಲ ಬೆಳೆದಿರೋಳು ನೀನು. ನಿನ್ ಮನೆಯಾಗೇ ಕುಡುಗೋಲದೆ. ಒಂದ್ ತೆನೆ ಕುಯ್ಕಂಡು ಒಳೀಕೆ ಹೋಗು. ಯಾರ್ನ ಕೇಳ್ಬೇಕು?"

"ಹಾಗೆ ಕುಯ್ಕೊಂಡ್ರೆ ಅದು ಬರೀ ಭತ್ತ ಅಕ್ಕ."

"ಇನ್ನೇನಾಗ್ಬೇಕು ಅದು?"

"ಕೊಡ್ಬೇಕು ಅದನ್ನ. ಕೊಟ್ರೆ ನಾನು ತಗೋಬೇಕು."

ಅಕ್ಕ ನನ್ನನ್ನು ಒಂದು ಕ್ಷಣ ನೋಡಿದರು. ಅವರ ಮನೆಯಲ್ಲೂ ಪ್ರಸಾದ ತಾವಾಗಿ ಬಾಚಿಕೊಳ್ಳುವುದಿಲ್ಲ, ಹಾಗಾಗಿ ಅರ್ಥವಾಗಿರಬೇಕು. ನನ್ನ ಕೈಯಿಂದ ಡಬ್ಬ ಕಿತ್ತುಕೊಂಡು, "ಹೋಗಿ ಒಸಿ ಮಲೀಕೋ. ನಾನ್ ಬಡೀತೀನಿ" ಎಂದರು. ನಾನು ಮನೆಗೆ ಹೋಗಿ ಮಲಗಿ ಅತ್ತೆ. ಅತ್ತು ನಿದ್ದೆ ಹೋದೆ.

ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಸಂಜೆ ಪ್ರಾರ್ಥನೆ ಇರುತ್ತದೆ. ಚರ್ಚಿನ ಮುಂದೆ ಸಣ್ಣ ತೊಟ್ಟಿಲಿನಲ್ಲಿ ಶಿಶು ಮರಿಯಮ್ಮನ ಪ್ರತಿಮೆ ಇಡುತ್ತಾರೆ. ಬೊಂಬೆಯಷ್ಟೇ ದೊಡ್ಡದು, ಬಟ್ಟೆ ಸುತ್ತಿದ ಹೆಣ್ಣುಮಗು. ಮಕ್ಕಳು ತಟ್ಟೆ ತುಂಬ ಹೂವು ತಂದು ಹಾಡುತ್ತ ಅದರ ಮೇಲೆ ಎರಚುತ್ತವೆ. ಡೇರೆ, ಚೆಂಡುಹೂವು, ಬೇಲಿಯ ದಾಸವಾಳ, ಕೊನೆಕೊನೆಗೆ ಯಾರದೋ ತೋಟದ ಕಾಕಡ, ಸಿಕ್ಕಿದ್ದೆಲ್ಲ.

ಆ ವರ್ಷಗಳಲ್ಲಿ ನಾನು ಈ ಪ್ರಾರ್ಥನೆಗೆ ಹೋಗಿದ್ದು ಕಡಿಮೆ. ಅಮ್ಮನನ್ನು ಬಿಟ್ಟು ಸಂಜೆ ಹೊರಡಲಾಗುತ್ತಿರಲಿಲ್ಲ. ಈ ಸಲ ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆ. ಗುರಿಕಾರರ ಮಾತು ಇನ್ನೂ ಎದೆಯಲ್ಲಿ ಮುಳ್ಳಿನ ಹಾಗೆ ಕುಳಿತಿತ್ತು, ಪ್ರಾರ್ಥನೆ ಬಾಯಲ್ಲಿ ಮಾತ್ರ ನಡೆಯುತ್ತಿತ್ತು. ಮಕ್ಕಳ ಗಲಾಟೆ ನೋಡುತ್ತ ಸುಮ್ಮನೆ ಆ ತೊಟ್ಟಿಲ ಕಡೆ ಕಣ್ಣು ಹೋಯಿತು.

ನಮ್ಮ ಚರ್ಚಿನಲ್ಲಿ ಮರಿಯಮ್ಮನ ಪ್ರತಿಮೆಗಳಿಗೆ ಕೊರತೆಯಿಲ್ಲ. ಒಂದರಲ್ಲಿ ಕಂಕುಳಲ್ಲಿ ಬಾಲಯೇಸು. ಇನ್ನೊಂದರಲ್ಲಿ ಸತ್ತ ಮಗನನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಾಳೆ. ಅಂಗಳದಲ್ಲಿ ಕಟ್ಟಿದ ಕಲ್ಲಿನ ಗವಿಯಲ್ಲಿ ಕೈ ಜೋಡಿಸಿ ಎಲ್ಲರ ಬೇಡಿಕೆ ಕೇಳುತ್ತ ನಿಂತಿದ್ದಾಳೆ. ಎಲ್ಲೂ ಕೈ ಖಾಲಿಯಿಲ್ಲ, ಪಾಪ. ಈ ತೊಟ್ಟಿಲಿನಲ್ಲಿ ಮಾತ್ರ ಅವಳು ಇನ್ನೂ ಯಾರ ತಾಯಿಯೂ ಅಲ್ಲ. ಮಗನನ್ನು ಹೆರುವೆ ಎಂದು ಹೇಳಲು ದೇವದೂತ ಬಂದಿಲ್ಲ. ಅವಳು ಆಗಲಿ ಎಂದಿಲ್ಲ. ಯಾರನ್ನೂ ಹೆತ್ತಿಲ್ಲ, ಯಾರ ಸೇವೆಯನ್ನೂ ಮಾಡಿಲ್ಲ. ಅಂಥವಳ ಮೇಲೆ ಒಂಬತ್ತು ಸಂಜೆ ಹೂವು. ಹುಟ್ಟಿದಳು ಎಂಬ ಒಂದೇ ಕಾರಣಕ್ಕೆ ವರ್ಷದ ಮೊದಲ ತೆನೆ.

ಇಷ್ಟು ವರ್ಷ ಆ ಹಬ್ಬಕ್ಕೆ ಭತ್ತ ಬೆಳೆದವಳಿಗೆ ಹಬ್ಬ ಯಾತಕ್ಕೆ ಎಂಬುದೇ ತಲೆಗೆ ಹೋಗಿರಲಿಲ್ಲ. ನನ್ನ ಮೇಲೆ ನನಗೇ ನಗು ಬಂತು, ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನಗು ನಿಂತ ಮೇಲೆ ಬೇರೊಂದು ಯೋಚನೆ ಬಂತು. ಇದೇ ಚರ್ಚಿನಲ್ಲಿ ನನ್ನ ತಲೆಗೂ ಜ್ಞಾನಸ್ನಾನದ ನೀರು ಹಾಕಿದ್ದರು. ಆಗ ನಾನು ಕೈಗೂಸು. ಯಾವ ಬೀಜ ಆರಿಸಿದ್ದೆ? ಯಾರ ಬೆನ್ನು ಒರೆಸಿದ್ದೆ? ದೇವರು ನನ್ನನ್ನು ಮಗಳೇ ಎಂದು ಕರೆದದ್ದು ಅವತ್ತೇ ಅಲ್ಲವೇ, ನಾನು ಯಾವ ಉಪಯೋಗಕ್ಕೂ ಬಾರದ ದಿನ? ಆಮೇಲೆ ಮಾಡಿದ್ದೆಲ್ಲ ಮಾಡಿದ್ದೇನೆ, ಆಗಲಿ. ಅದು ಆ ಕರೆಯ ಬೆಲೆಯಲ್ಲ.

ಬೆಳಕು ಮಿಂಚಿತು, ಕಣ್ಣು ತುಂಬಿತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಬೆನ್ನು ನೋಯುತ್ತಿತ್ತು. ಆದರೂ ಆ ಬೆಂಚಿನಲ್ಲಿ ಹಿಂದಕ್ಕೆ ಒರಗಿ ಕುಳಿತೆ. ಪ್ರಾರ್ಥನೆಯಲ್ಲಿ ಒರಗುವುದು ಮರ್ಯಾದೆಯಲ್ಲ ಎಂದು ಅಮ್ಮ ನಮ್ಮನ್ನು ಚಿಕ್ಕಂದಿನಿಂದ ನೆಟ್ಟಗೆ ಕೂರಿಸಿದ್ದಳು. ಆ ಸಂಜೆ ಸ್ವಾಮಿಗೆ ಹೇಳಿದೆ, ನನಗೆ ಸಾಕಾಗಿದೆ, ನಾನು ಇವತ್ತು ಏನೂ ತಂದಿಲ್ಲ, ಸುಮ್ಮನೆ ಬಂದಿದ್ದೇನೆ. ಬಹುಶಃ ನನ್ನ ಹೆಸರಿನಲ್ಲೇ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ತೆನೆ ಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಹಟಕ್ಕಲ್ಲ. ಸ್ವಲ್ಪ ಹಟವೂ ಇತ್ತು ಅನ್ನಿ.

ಹಬ್ಬದ ಬೆಳಿಗ್ಗೆ ತೆನೆ ಕೊಯ್ದು, ಅಕ್ಕ ಕೊಟ್ಟ ಹೊಸ ಬುಟ್ಟಿಯಲ್ಲಿ ಬಾಳೆ ಎಲೆ ಹಾಸಿ ತುಂಬಿ ಚರ್ಚಿಗೆ ತಲುಪಿಸಿದೆ. ಗವಿಯ ಮುಂದೆ ಫಾದರ್ ಅದಕ್ಕೆ ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ಮೆರವಣಿಗೆಯಲ್ಲಿ ಬುಟ್ಟಿ ಒಳಗೆ ಹೋಯಿತು. ಹೊತ್ತವರು ಬೇರೆ ಯಾರೋ, ಬಿಳಿ ಬಟ್ಟೆಯ ಹುಡುಗಿಯರು. ಪೂಜೆ ಮುಗಿದ ಮೇಲೆ ಹಂಚುವುದು ಶುರುವಾಯಿತು. ಗುರಿಕಾರರು ಮನೆ ಮನೆ ಕೂಗುತ್ತಾರೆ, ಮನೆಯ ಹಿರಿಯರು ಎದ್ದು ಹೋಗಿ ಫಾದರ್ ಕೈಯಿಂದ ತೆನೆ ತೆಗೆದುಕೊಳ್ಳುತ್ತಾರೆ.

ನಾನು ಹೆಂಗಸರ ಸಾಲಿನಲ್ಲಿ ಅತ್ತಿಗೆಯ ಪಕ್ಕ ಕುಳಿತಿದ್ದೆ. ನಮ್ಮ ವಾರ್ಡು ಬಂತು. ಗುರಿಕಾರರು ಅಣ್ಣನ ಮನೆ ಕರೆದರು. ಅಣ್ಣ ಹೋಗಿ ತೆಗೆದುಕೊಂಡ. ವಾಪಸ್ ಬರುವಾಗ ನನ್ನ ಕಡೆ ನೋಡಿ ತೆನೆಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದ, ಸಿಕ್ಕಿತು ಎನ್ನುವ ಹಾಗೆ. ಗುರಿಕಾರರು ಮುಂದಿನ ಮನೆ ಕರೆದರು, ಅದರ ಮುಂದಿನದು ಕರೆದರು. ನನ್ನದು ಬರಲಿಲ್ಲ. ವಾರ್ಡು ಮುಗಿಯಿತು, ಉಳಿದ ವಾರ್ಡುಗಳೂ ಮುಗಿದವು. ಬುಟ್ಟಿಯಲ್ಲಿ ಇನ್ನೂ ತೆನೆಗಳು ಮಿಕ್ಕಿದ್ದವು. ಫಾದರ್ ಕೈ ಒರೆಸಿಕೊಂಡು ತಿರುಗಲಿದ್ದರು.

ಎದ್ದೆ.

ಅತ್ತಿಗೆ ಸೆರಗು ಹಿಡಿದರು. "ಎಲ್ಲಿಗೆ? ನಮ್ದು ಆಯ್ತಲ್ಲ."

"ನಿಮ್ದಾಯ್ತು ಅತ್ತಿಗೆ. ನಂದಾಗ್ಲಿಲ್ಲ."

"ಒಂದ್ ಹೊಟ್ಟೆಗೆ ಒಂದ್ ತೆನೆ ಬೇರೆ ಬೇಕಾ?" ಎಂದರು, ಮೆಲ್ಲಗೆ. ಕೆಟ್ಟದ್ದಕ್ಕೆ ಹೇಳಿದ್ದಲ್ಲ, ನಾಚಿಕೆಗೆ ಹೇಳಿದ್ದು. ಎಲ್ಲರೂ ನೋಡುತ್ತಿದ್ದರು. ನನಗೂ ನಾಚಿಕೆಯಾಗುತ್ತಿತ್ತು. ಸೆರಗು ಬಿಡಿಸಿಕೊಂಡು ನಡೆದೆ. ಆ ಚರ್ಚು ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ.

ಫಾದರ್ ಕಳೆದ ತಿಂಗಳಷ್ಟೇ ಬಂದ ಹೊಸಬರು, ನನ್ನ ಪರಿಚಯ ಅವರಿಗಿಲ್ಲ. "ಯಾವ ಮನೆಯಮ್ಮ?" ಎಂದು ಕೇಳಿದರು.

"ನಂದು ಫಾದರ್."

"ಮನೇಲಿ ಯಾರ್ಯಾರು ಇದೀರಿ?"

"ನಾನಿದೀನಿ."

ಅವರು ಗುರಿಕಾರರ ಕಡೆ ನೋಡಿದರು. ಗುರಿಕಾರರು ಚಾವಣಿಯ ಫ್ಯಾನ್ ನೋಡಿದರು. ಫಾದರ್ ಬುಟ್ಟಿಗೆ ಕೈ ಹಾಕಿ ಒಂದು ತೆನೆ ತೆಗೆದು ನನ್ನ ಎರಡೂ ಕೈಗೆ ಇಟ್ಟು, "ದೇವರು ನಿನ್ನ ಮನೆಯನ್ನು ಆಶೀರ್ವದಿಸಲಿ" ಎಂದರು. ಎಲ್ಲರಿಗೂ ಹೇಳಿದ ಮಾತೇ. ನಾನೇ ಬಿತ್ತಿದ್ದು, ನಾನೇ ನೆಟ್ಟದ್ದು, ಹಕ್ಕಿಯಿಂದ ಕಾದದ್ದು. ಆದರೂ ಅದು ಕೈಗೆ ಬಂದಾಗ ಆ ದುಡಿಮೆ ಯಾವುದೂ ನೆನಪಾಗಲಿಲ್ಲ. ಯಾರೋ ಕೊಟ್ಟ ಹಾಗೆಯೇ ಇತ್ತು. ಈ ಸಲ ಅಳು ಬಂತು, ತಡೆಯಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಗುರಿಕಾರರು ಕೊಡೆ ಬಿಚ್ಚುತ್ತ ನನ್ನ ಪಕ್ಕ ಬಂದರು. "ಫಾದರ್ ಹತ್ತಿರ ಕೇಳ್ಬೇಕು ಅಂತಲೇ ಇದ್ದೆ ತಂಗಿ, ಮರೆತುಹೋಯ್ತು" ಎಂದರು. "ಪರ್ವಾಗಿಲ್ಲ ಅಂಕಲ್, ನಾನೇ ಕೇಳ್ದೆ" ಎಂದೆ. ಅತ್ತಿಗೆ ಮಾತಾಡಿಸದೆ ಆಟೋ ಹತ್ತಿದರು.

ಮನೆಗೆ ಬಂದು ಸೀರೆ ಬದಲಾಯಿಸಿ ಒಲೆ ಹಚ್ಚಿದೆ. ಹಬ್ಬದ ಊಟಕ್ಕೆ ಪಲ್ಯಗಳ ಲೆಕ್ಕ ಬೆಸವಾಗಿರಬೇಕು, ಐದೋ ಏಳೋ ಒಂಬತ್ತೋ ಮಾಡುವವರಿದ್ದಾರೆ. ನಾನು ಮೂರಕ್ಕೆ ನಿಲ್ಲಿಸಿದೆ. ಸೌತೆಕಾಯಿ, ಬೆಂಡೆಕಾಯಿ, ಹಿತ್ತಲಿನ ಕೆಸುವಿನ ದಂಟು. ತೆನೆಯ ಕಾಳನ್ನು ಉಗುರಿನಲ್ಲಿ ಸುಲಿಯುತ್ತ ಕುಳಿತಾಗ ಮನೆ ಬಿಕೋ ಎನ್ನುತ್ತಿತ್ತು. ಬೇಕೆಂದು ತೆಗೆದುಕೊಂಡದ್ದು ಇದನ್ನೇ ಅಲ್ಲವೇ, ಈಗ ಅನುಭವಿಸು ಎಂದುಕೊಂಡೆ. ಒಂಟಿತನ ಒಂಟಿತನವೇ. ತೆನೆ ಸಿಕ್ಕ ಮಾತ್ರಕ್ಕೆ ಅದೇನೂ ಎದ್ದು ಹೋಗುವುದಿಲ್ಲ. ಅರೆದು ಪಾಯಸಕ್ಕೆ ಹಾಕಿದೆ. ಎಲೆ ಹಾಕಿದೆ. ದೇವರ ಪಟದ ಮುಂದೆ ದೀಪ ಹಚ್ಚುವಾಗ ಅಂಗಳದಲ್ಲಿ ಸ್ಕೂಟರ್ ನಿಂತಿತು.

ಅಣ್ಣ. ಹೆಲ್ಮೆಟ್ ತೆಗೆಯದೆ ಬಾಗಿಲಲ್ಲಿ ನಿಂತ. "ಅಲ್ಲಿ ಎಲೆ ಹಾಕ್ಕೊಂಡು ಕಾಯ್ತಾ ಇದಾರೆ. ನಿಂದೂ ಹಾಕಿದಾರೆ. ಬಾ."

"ಬರಲ್ಲ ಅಣ್ಣ. ಇಲ್ಲಿ ಅಡಿಗೆ ಆಗಿದೆ."

"ಏನ್ ನಿಂದು? ಎಲ್ಲರ ಮುಂದೆ ಎದ್ದು ಹೋದೆ. ನಾನೇನ್ ನಿನ್ನ ಬಿಟ್ಟುಬಿಟ್ಟಿದೀನಾ?"

"ನೀನು ಬಿಟ್ಟಿಲ್ಲ. ನೀನು ಸೇರಿಸ್ಕೊಂಡಿದೀಯ. ನಂಗೆ ಸೇರೋಕೆ ಇಷ್ಟ ಇಲ್ಲ." ಹೇಳುತ್ತ ಹೋದಂತೆ ನನ್ನ ದನಿ ಗಟ್ಟಿಯಾಯಿತು. "ಅತ್ತಿಗೆ ಅಮ್ಮನಿಗೆ ಕಷ್ಟ ಆದಾಗ ಒಂದ್ ಮಾತು ಹೇಳು, ಬಂದು ಕೈ ಜೋಡಿಸ್ತೀನಿ. ಸ್ನಾನ ಮಾಡಿಸ್ತೀನಿ. ಆದ್ರೆ ಇರೋಕೆ ಬರಲ್ಲ. ಈ ಮನೆ ಖಾಲಿ ಮಾಡಲ್ಲ. ಸೀಸನ್‌ನಲ್ಲಿ ವರ್ಕ್ಸಿಗೆ ಹೋಗ್ತೀನಿ, ಇಲ್ದಿದ್ರೆ ಗೌಡ್ರ ಶುಂಠಿ ಇದ್ದೇ ಇದೆ."

ಅಣ್ಣ ಒಳಗೆ ಹಾಕಿದ್ದ ಎಲೆ ನೋಡಿದ. ಅಮ್ಮನ ಮಂಚ ಗೋಡೆಗೆ ಒರಗಿಸಿಟ್ಟದ್ದನ್ನು ನೋಡಿದ. ನಾನು ಇನ್ನೊಂದು ಎಲೆ ತಂದು ನನ್ನದರ ಎದುರಿಗೆ ಹಾಕಿದೆ.

"ಕೂತ್ಕೊ. ಬಂದೋರು ಹಬ್ಬದ ದಿನ ಹಾಗೇ ಹೋಗಬಾರ್ದು. ಆಮೇಲೆ ಅಲ್ಲೂ ಹೋಗಿ ಊಟ ಮಾಡು."

ಹೆಲ್ಮೆಟ್ ತೆಗೆದು ಕಿಟಕಿಯ ಮೇಲಿಟ್ಟ. ಕೈ ತೊಳೆದು ಬಂದು ಕುಳಿತ. ಇಬ್ಬರೂ ಶಿಲುಬೆಯ ಗುರುತು ಹಾಕಿಕೊಂಡೆವು. ಅಭ್ಯಾಸದಂತೆ ಪ್ರಾರ್ಥನೆ ಶುರುಮಾಡಲು ಅಣ್ಣ ಬಾಯಿ ತೆರೆದ. ಹಿರಿಯ ಅವನು, ಗಂಡಸು, ಅವನ ಮನೆಯಲ್ಲಿ ಹೇಳುವವನು ಅವನೇ. ತೆರೆದವನು ನಿಲ್ಲಿಸಿದ. ನನ್ನ ಕಡೆ ನೋಡಿದ, ತಲೆ ಬಗ್ಗಿಸಿದ.

ಪ್ರಾರ್ಥನೆ ನಾನು ಹೇಳಿದೆ. ಅಮ್ಮನಿಗೆ ಶಾಂತಿ ಕೇಳಿದೆ, ಅಣ್ಣನ ಮನೆಯವರಿಗೆ ಆರೋಗ್ಯ ಕೇಳಿದೆ, ನನಗೂ ಕೇಳಿದೆ. ಪಾಯಸದ ಪಾತ್ರೆ ಎತ್ತಿಕೊಂಡೆ. ಅಣ್ಣ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದ. ಒಂದು ಚಮಚ ಹಾಕಿದೆ. ಆಮೇಲೆ ನನ್ನ ಅಂಗೈಗೂ ಹಾಕಿಕೊಂಡೆ.

ಅವನು ಅಂಗೈ ನೆಕ್ಕಿದ. ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಲು ಏನಾದರೂ ಹೇಳಬೇಕಾಗಿತ್ತು ಅವನಿಗೆ.

"ಬೆಲ್ಲ ಕಮ್ಮಿಯಾಯ್ತು ಕಣೆ" ಎಂದ.

"ನಮ್ಮನೇಲಿ ಇಷ್ಟೇ ಹಾಕೋದು" ಎಂದೆ.